ಹುಳಿಮಾವಿನಲ್ಲಿ ಗಂಟಲು ಕಟ್ಟಿದ ವರ್ಷ

ಮನುಷ್ಯನಿಗೆ ದೊರೆತ ವರಗಳಲ್ಲೆಲ್ಲ ಮಾತೇ ಶ್ರೇಷ್ಠವೆಂದು ದೊಡ್ಡವರು ಹೇಳುತ್ತಾ ಬಂದಿದ್ದಾರೆ. ಹಾಗೆ ಹೇಳಿದವರೆಲ್ಲ ಮಾತಾಡುವ ಕಡೆಯವರು ಎಂಬುದನ್ನು ಮಾತ್ರ ಗಮನಿಸಬೇಕು. ಕೇಳುವ ಕಡೆಯವರನ್ನು ಯಾರೂ ವಿಚಾರಿಸಿದಂತಿಲ್ಲ. ಹೈಸ್ಕೂಲಿನಲ್ಲಿ ಪಾಠ, ಚರ್ಚಿನ ಸಭೆಯಲ್ಲಿ ಪ್ರಸಂಗ, ಮದುವೆ ಮನೆಯಲ್ಲಿ ಹಿತವಚನ, ಸಾವಿನ ಮನೆಯಲ್ಲಿ ಸಮಾಧಾನ, ಹೀಗೆ ಜೀವಮಾನವೆಲ್ಲ ನಾನು ಮಾತಾಡುವ ಕಡೆಯಲ್ಲೇ ಇದ್ದವನು. ನನ್ನನ್ನು ಆಚೆ ಕಡೆಗೆ ದಾಟಿಸಿದ್ದು ಧ್ವನಿತಂತುವಿನ ಮೇಲೆ ಎದ್ದ ಒಂದು ಗಂಟು. ಅದು ಕಡಲೆಬೇಳೆಗಿಂತ ಸಣ್ಣದಾಗಿತ್ತು.

ನಾವು ಗದಗ-ಬೆಟಗೇರಿಯವರು. ನಾನು ಮುಖ್ಯೋಪಾಧ್ಯಾಯನಾಗಿ ನಿವೃತ್ತನಾದ ಮೇಲೆ, ಇವನು ಮನೆಯಲ್ಲಿ ಕೂತು ಹೆಂಡತಿಯ ತಲೆ ತಿನ್ನುವ ಬದಲು ಪರವೂರಿನವರ ತಲೆ ತಿನ್ನಲಿ ಎಂಬ ಸದುದ್ದೇಶದಿಂದ ನಮ್ಮ ಕ್ರೈಸ್ತ ಸಭೆಯ ಸಮಿತಿಯವರು ನನ್ನನ್ನೂ ಕರುಣಾಳನ್ನೂ ‘ಹಿರಿಯ ಮಿಷನರಿ ದಂಪತಿ’ ಎಂದು ನೇಮಿಸಿ ಬೆಂಗಳೂರಿಗೆ ಕಳಿಸಿದರು. ಮಿಷನರಿಗಳೆಂದರೆ ಹಿಂದೆ ಹಡಗು ಹತ್ತಿ ಬರುತ್ತಿದ್ದವರು. ನಾವು ರೈಲು ಹತ್ತಿ ಬಂದೆವು. ಆದರೂ ದೂರವೆನ್ನುವುದು ದೂರವೇ. ಬಂದ ವಾರದಲ್ಲಿ ಜೋಳದ ರೊಟ್ಟಿ ಎಲ್ಲಿ ಸಿಗುತ್ತದೆಂದು ವಿಚಾರಿಸಿದಾಗ ಅಂಗಡಿಯವನು ಕಪಾಟಿನಿಂದ ಪ್ಯಾಕೆಟ್ಟೊಂದನ್ನು ತೆಗೆದು ಕೊಟ್ಟ. ಅದನ್ನು ಕೈಯಲ್ಲಿ ಹಿಡಿದುಕೊಂಡು ಕರುಣಾ ಬನ್ನೇರುಘಟ್ಟ ರಸ್ತೆಯ ಫುಟ್‌ಪಾತಿನ ಮೇಲೆ ನಿಂತು ಅತ್ತಳು. ಬೆಂಗಳೂರಿಗೆ ಬಂದ ಮೇಲೆ ಅವಳು ಅತ್ತದ್ದು ಅದೇ ಮೊದಲು.

ನಮ್ಮ ಕೆಲಸ ಸರಳವಾದದ್ದು. ರಾಯಚೂರು, ಯಾದಗಿರಿ, ಗದಗಿನ ಕಡೆಯಿಂದ ಕಟ್ಟಡದ ಕೆಲಸಕ್ಕೆ, ಮನೆಗೆಲಸಕ್ಕೆ, ಸೆಕ್ಯೂರಿಟಿ ಕೆಲಸಕ್ಕೆ ಬಂದವರು ಹುಳಿಮಾವಿನಿಂದ ಬಿಟಿಎಂ ಲೇಔಟಿನವರೆಗೆ ಶೆಡ್ಡುಗಳಲ್ಲೂ ಸಣ್ಣ ಸಣ್ಣ ರೂಮುಗಳಲ್ಲೂ ಇದ್ದಾರೆ. ಮಧ್ಯಾಹ್ನದ ಮೇಲೆ ಅವರ ಮನೆಗಳಿಗೆ ಹೋಗುವುದು, ಸಂಜೆ ಮಕ್ಕಳಿಗೆ ಅಕ್ಷರ ಹೇಳಿಕೊಡುವುದು, ಊರಿನಿಂದ ದೊಡ್ಡ ಕಾಯಿಲೆ ಹೊತ್ತುಕೊಂಡು ಬಂದವರನ್ನು ದೊಡ್ಡ ಆಸ್ಪತ್ರೆಗೆ ಕರೆದೊಯ್ದು ಯಾವ ಕಿಟಕಿ, ಯಾವ ಮಹಡಿ ಎಂದು ತೋರಿಸುವುದು, ಭಾನುವಾರ ಹಾರ್ಡ್‌ವೇರ್ ಅಂಗಡಿಯ ಮೇಲಿನ ಬಾಡಿಗೆ ಹಾಲಿನಲ್ಲಿ ಪ್ರಾರ್ಥನಾ ಕೂಟ ನಡೆಸುವುದು. ಸಮಿತಿಯವರದು ಒಂದೇ ಕಟ್ಟಪ್ಪಣೆ. ಎಲ್ಲಿಗೆ ಹೋದರೂ ಇಬ್ಬರೂ ಜೊತೆಗೇ ಹೋಗಬೇಕು. ಜೋಡಿಯಲ್ಲಿ ಒಬ್ಬರು ಕೆಲಸಕ್ಕೆ ಬಾರದಂತಾದರೆ ಇಬ್ಬರೂ ಊರಿಗೆ ವಾಪಸ್ಸು.

ಜೋಡಿಯೊಳಗಿನ ಕೆಲಸದ ಹಂಚಿಕೆಯೂ ನ್ಯಾಯವಾಗಿಯೇ ಇತ್ತು. ನಾನು ಮಾತಾಡುತ್ತಿದ್ದೆ, ಅವಳು ಚೀಲ ಹಿಡಿಯುತ್ತಿದ್ದಳು. ಚೀಲದಲ್ಲಿ ಬನ್ನು, ಜ್ವರದ ಮಾತ್ರೆ, ಸೇಫ್ಟಿ ಪಿನ್ನು, ಯಾವುದಾದರೊಂದು ಮಗುವಿನ ಅಳತೆಯ ಸ್ವೆಟರು ಇರುತ್ತಿದ್ದವು. ನನ್ನ ಬಳಿ ವಿಚಾರಗಳಿರುತ್ತಿದ್ದವು.

ಗಂಟಲು ಕಟ್ಟಿದ್ದು ಬೇಸಿಗೆಯಲ್ಲಿ. ಮೊದಲು ಎಲ್ಲರೂ ಮೆಟ್ರೋ ಕಾಮಗಾರಿಯ ಧೂಳು ಎಂದರು. ಆಮೇಲೆ ಬೋರ್‌ವೆಲ್ ನೀರು ಎಂದರು. ನಮ್ಮ ಮನೆಯ ಓನರು ಜಯಮ್ಮನವರು, ಹುಳಿಮಾವು ಇನ್ನೂ ಹಳ್ಳಿಯಾಗಿದ್ದಾಗ ಈಗ ನಾವು ವಾಸವಿರುವ ಜಾಗದಲ್ಲೇ ರಾಗಿ ಬೆಳೆಯುತ್ತಿದ್ದ ಮನೆತನದವರು, ಕೆಳಗಿನಿಂದ ದಿನಾ ಮೆಣಸಿನ ಕಷಾಯ ಮಾಡಿ ತಂದರು. ಅದನ್ನು ಕುಡಿದು ನನಗೆ ಕಣ್ಣಲ್ಲಿ ನೀರು ಬಂತು, ಧ್ವನಿ ಬರಲಿಲ್ಲ. ಮಳೆಗಾಲ ಶುರುವಾಗುವ ಹೊತ್ತಿಗೆ ನನ್ನ ಪ್ರಸಂಗ ಹಳೆಯ ರೇಡಿಯೋದಲ್ಲಿ ದೂರದ ಸ್ಟೇಷನ್ ಹಿಡಿದ ಹಾಗೆ ಕೇಳಿಸತೊಡಗಿತ್ತು. ಕೊನೆಗೆ ಜಯಮ್ಮನವರೇ ಗದರಿದರು.

“ಮೇಷ್ಟ್ರೇ, ಊರೋರ್ನೆಲ್ಲ ಆಸ್ಪತ್ರೆಗ್ ಕರ್ಕೊಂಡ್ ಹೋಗ್ತೀರ. ನಿಮ್ನ ಯಾರ್ ಕರ್ಕೊಂಡ್ ಹೋಗ್ಬೇಕು, ನಾನಾ?”

ಜಯನಗರದ ಕಿವಿ-ಮೂಗು-ಗಂಟಲಿನ ಡಾಕ್ಟರು ನನ್ನ ಮಗಳ ವಯಸ್ಸಿನ ಹೆಣ್ಣುಮಗಳು. ಮೂಗಿನೊಳಗೆ ಕ್ಯಾಮೆರಾದ ಸಣ್ಣ ಕೊಳವೆಯನ್ನು ಇಳಿಸಿ ಟಿವಿ ಪರದೆಯ ಮೇಲೆ ನನ್ನ ಗಂಟಲನ್ನು ನನಗೇ ತೋರಿಸಿದರು. ಇಷ್ಟು ವರ್ಷ ಇಷ್ಟೊಂದು ಕೆಲಸ ಮಾಡಿದ ಯಂತ್ರವನ್ನು ನಾನು ನೋಡಿದ್ದು ಅದೇ ಮೊದಲು. ನೋಡಲು ಅಷ್ಟೇನೂ ಚೆನ್ನಾಗಿರಲಿಲ್ಲ. ಎಡಗಡೆ ಬಿಳಿಯ ಗಂಟೊಂದು ಯಾರ ಅಪ್ಪಣೆಯೂ ಇಲ್ಲದೆ ಕೂತಿತ್ತು. ಡಾಕ್ಟರು ಸುಮ್ಮನಾದರು. ಮಾತಾಡುವವರು ಸುಮ್ಮನಾದಾಗ ಅದಕ್ಕೆ ಅರ್ಥ ಇರುತ್ತದೆ. ವೃತ್ತಿಯಿಂದ ನನಗೆ ಅದು ಗೊತ್ತು.

ಬಯಾಪ್ಸಿ ಆಯಿತು. ಫಲಿತಾಂಶ ಬಂದ ದಿನ ಅವರು ನೇರವಾಗಿ ಹೇಳಿದರು. ಕ್ಯಾನ್ಸರ್, ಆದರೆ ಆರಂಭದ ಹಂತ. ಜೀವಕ್ಕೆ ಅಷ್ಟು ಭಯವಿಲ್ಲ, ರೇಡಿಯೇಶನ್ನಿನಿಂದ ಹೋಗಬಹುದು. ಧ್ವನಿ ಎಷ್ಟು ಉಳಿಯುತ್ತದೋ ಈಗ ಹೇಳಲಾಗದು. ಬಯಾಪ್ಸಿಯ ಗಾಯ ಮಾಯುವವರೆಗೂ, ಆಮೇಲೆ ರೇಡಿಯೇಶನ್ ಮುಗಿದು ತಪಾಸಣೆ ಆಗುವವರೆಗೂ ಮಾತು ಪೂರ್ತಿ ಬಂದ್. ನಾನು ಮೂರು ಭಾಗಗಳಾಗಿ ವಿಂಗಡಿಸಿದ ಪ್ರಶ್ನೆಯೊಂದನ್ನು ಕೇಳಲು ಬಾಯಿ ತೆರೆದೆ. ಅವರು ತುಟಿಯ ಮೇಲೆ ಬೆರಳಿಟ್ಟು ತೋರಿಸಿದರು. ಬಂದ್ ಅಲ್ಲಿಂದಲೇ ಜಾರಿಗೆ ಬಂದಿತ್ತು. ಕರುಣಾ ಕೇಳಿದ್ದು ಒಂದೇ, ಊಟಕ್ಕೆ ಏನು ಕೊಡಲಿ ಎಂದು.

ಹೊರಗೆ ಬಂದು ಬಸ್ ಸ್ಟಾಪಿನಲ್ಲಿ ಕೂತೆವು. ನಮ್ಮ ಬಸ್ಸು ಬಂತು. ಅವಳು ಏಳಲಿಲ್ಲ. ಇನ್ನೊಂದು ಬಂತು, ಅದೂ ಹೋಯಿತು. ಆಮೇಲೆ ಅವಳು ರಸ್ತೆಯನ್ನೇ ನೋಡುತ್ತಾ ಕೇಳಿದಳು.

“ನಿಮ್ಮ ಮಾತು ಕೇಳಿ ಕೇಳಿ ಸಾಕಾಗೇತಿ ಅಂತ ಎಷ್ಟ ಸಲ ಅಂದೀನ್ರಿ. ಅದನ್ನ ದೇವರು ಪ್ರಾರ್ಥನಾ ಅಂತ ತಿಳ್ಕೊಂಡನೇನು?”

ಇಂಥ ಪ್ರಶ್ನೆಗೆ ಉತ್ತರ ಕೊಡುವುದೇ ನನ್ನ ಉದ್ಯೋಗ. ಉತ್ತರ ಬಾಯಿಯವರೆಗೂ ಬಂದಿತ್ತು. ಅವಳ ಚೀಲದಲ್ಲಿ ಸಂಜೆಯ ಮಕ್ಕಳಿಗೆಂದು ಕೊಂಡಿದ್ದ ಸ್ಲೇಟುಗಳಿದ್ದವು. ಒಂದನ್ನು ತೆಗೆದು ಬರೆದೆ: “ಹಂಗ ತಿಳ್ಕೊಳ್ಳುವಂತಿದ್ದರ ಮದುವಿಯಾದ ವರ್ಷನ ನನ್ನ ಮಾತು ಹೋಗತಿತ್ತು.” ಅವಳು ಕನ್ನಡಕ ಹುಡುಕಿ, ಹಾಕಿಕೊಂಡು ಓದಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಕ್ಕಳೋ ಅತ್ತಳೋ ಗೊತ್ತಾಗಲಿಲ್ಲ. ಮೂರನೆಯ ಬಸ್ಸಿಗೆ ಹತ್ತಿದೆವು.

ಸುದ್ದಿ ತಿಳಿದ ಹುಬ್ಬಳ್ಳಿಯ ಮಗಳು ಗ್ರೇಸ್ ಫೋನಿನಲ್ಲಿ ಅತ್ತಳು. ಕೂಡಲೇ ಬಂದುಬಿಡಿ, ಇಲ್ಲೂ ಆಸ್ಪತ್ರೆಗಳಿವೆ ಎಂದಳು. ಅಪ್ಪಾ ಏನರ ಅನ್ರಿ ಎಂದು ಗೋಗರೆದಳು. ನಾನು ಬಳಪದಿಂದ ಫೋನನ್ನು ಟಕಟಕ ಬಡಿದೆ. ಆ ಕಡೆ ಅಳು ನಿಂತು ನಗು ಬಂತು. ಅಂದಿನಿಂದ ದಿನಾ ಸಂಜೆ ಅವಳು ಫೋನು ಮಾಡಿ ತನ್ನ ಮಾತು ಹೇಳುವುದು, ನಾನು ಬಡಿಯುವುದು. ನಾವಿಬ್ಬರೂ ಇಷ್ಟು ಸಾಮರಸ್ಯದಿಂದ ಅದುವರೆಗೆ ಮಾತಾಡಿರಲಿಲ್ಲ.

ಸಮಿತಿಯ ಕಾರ್ಯದರ್ಶಿಗಳು ಫೋನು ಮಾಡಿದಾಗ ಮಾತ್ರ ಬಡಿದು ಮುಗಿಸುವಂತಿರಲಿಲ್ಲ. ಅವರು ಒಳ್ಳೆಯವರು, ನನ್ನ ಹಳೆಯ ಶಿಷ್ಯರೇ. ಕರುಣಾ ಸ್ಪೀಕರ್ ಹಾಕಿದಳು. ಅವರು ಬಹಳ ಮರುಗಿದರು. ಚಿಕಿತ್ಸೆ ಬೇಕಾದರೆ ಅಲ್ಲೇ ಮುಗಿಯಲಿ, ಆದರೆ ನಿಯಮದ ಪ್ರಕಾರ ನಿಮ್ಮನ್ನು ವಾಪಸ್ ಕರೆಸಿಕೊಂಡು ಬೇರೆ ಜೋಡಿಯನ್ನು ಕಳಿಸಬೇಕಾಗುತ್ತದೆ, ಸರ್‌ಗೆ ಮಾತೇ ಇಲ್ಲವೆಂದ ಮೇಲೆ ಸೇವೆ ನಡೆಸುವವರು ಯಾರು ಎಂದರು.

ನಾನು ಸ್ಲೇಟಿಗೆ ಕೈ ಹಾಕಿದೆ. ಒಪ್ಪಿಗೆ ಎಂದು ಬರೆಯುವುದು ನನ್ನ ಉದ್ದೇಶವಾಗಿತ್ತು. ಧ್ವನಿಯಿಲ್ಲದ ನನ್ನಿಂದ ಹುಳಿಮಾವಿಗೆ ಏನು ಪ್ರಯೋಜನವೆಂದು ನನಗೇ ತಿಳಿದಿರಲಿಲ್ಲ. ಕರುಣಾ ಸ್ಲೇಟನ್ನು ಮೆಲ್ಲಗೆ ಆಚೆ ಸರಿಸಿದಳು.

“ನಾನು ಇಲ್ಲೇನ್ರಿ?”

ಫೋನನ್ನು ತನ್ನ ಕಡೆಗೆ ಎಳೆದುಕೊಂಡು ಮುಂದುವರಿಸಿದಳು.

“ಜೋಡಿ ಅಂತ ಕಳ್ಸೀರಿ ಹೌದಿಲ್ರಿ? ಒಂದ ಎತ್ತು ನಿಂತರ ಇನ್ನೊಂದು ಒಂದೀಟ ಎಳೀತೈತಿ. ಕರೆಂಟ್ ಕೊಡೂದು ಮುಗಿದು ಡಾಕ್ಟ್ರು ಹೇಳೂ ತನಕ ತಡೀರಿ. ಆಮೇಲೆ ನೀವು ಬಾ ಅಂದ್ರ ಬರ್ತೀವಿ.”

ಕಾರ್ಯದರ್ಶಿಗಳು ರೇಡಿಯೇಶನ್ ಮುಗಿದು ಡಾಕ್ಟರು ಹೇಳುವವರೆಗೆ ಕಾಯಲು ಒಪ್ಪಿದರು. ಸಮಿತಿಯ ಮುಂದೆ ನನ್ನನ್ನು ಎತ್ತಿಗೆ ಹೋಲಿಸಿದ್ದಕ್ಕೆ ಆಕ್ಷೇಪ ಎತ್ತಬೇಕೆನಿಸಿತು. ಅದಕ್ಕೂ ಧ್ವನಿ ಬೇಕು.

ಮುಂದಿನ ವಿಷಯ ಹೇಳುವಾಗ ಓದುಗರು ನಗಬಾರದೆಂದು ಕೋರುತ್ತೇನೆ. ಡಾಕ್ಟರು ಹೇಳಿದ ಮೌನವನ್ನು ನಾನು ಅಕ್ಷರಶಃ ಪಾಲಿಸಿದೆ. ಹಾಲಿನವನ ಹತ್ತಿರ ಮಾತಾಡಲಿಲ್ಲ. ಆಸ್ಪತ್ರೆಯ ಲಿಫ್ಟಿನಲ್ಲಿ ಹವಾಮಾನದ ಕುರಿತು ಏನನ್ನೂ ಹೇಳಲಿಲ್ಲ. ಶೆಡ್ಡುಗಳಲ್ಲಿ ಯಾರೋ ಕೇಳಬಾರದ ಪ್ರಶ್ನೆ ಕೇಳಿದರೂ ಕೈಮುಗಿದೆ. ಆದರೆ ಬೆಳಗಿನ ಪ್ರಾರ್ಥನೆಯನ್ನು ಬಾಯಿಬಿಟ್ಟು ಹೇಳುವುದು ನಮ್ಮ ಅಜ್ಜನ ಕಾಲದಿಂದ ಬಂದ ಕ್ರಮ. ಅದು ಮಾತಲ್ಲ, ಆರಾಧನೆ. ಡಾಕ್ಟರ ಅಧಿಕಾರ ಅಷ್ಟು ದೂರ ವ್ಯಾಪಿಸುವುದಿಲ್ಲವೆಂದು ತೀರ್ಮಾನಿಸಿ, ಆದರೂ ಅವರ ಮೇಲಿನ ಗೌರವಕ್ಕೆ ಧ್ವನಿಯನ್ನು ಇಳಿಸಿ, ದಿನಾ ಬೆಳಿಗ್ಗೆ ಬಾತ್‌ರೂಮಿನ ಪಕ್ಕದ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಪಿಸುಮಾತಿನಲ್ಲಿ ಪ್ರಾರ್ಥಿಸಿದೆ. ಹಗಲೆಲ್ಲ ಕೂಡಿಟ್ಟ ಮಾತು ಅಲ್ಲಿ ಹರಿಯಿತು. ಊರು, ಕೇರಿ, ಸಮಿತಿ, ಸರ್ಕಾರ, ಬನ್ನೇರುಘಟ್ಟ ರಸ್ತೆಯ ಗುಂಡಿಗಳು, ಯಾವುದನ್ನೂ ಬಿಡಲಿಲ್ಲ. ದಿನಕ್ಕೆ ಒಂದು ಗಂಟೆಯಾದರೂ ಆಗುತ್ತಿತ್ತು.

ಎರಡು ವಾರದ ಮೇಲೆ ಡಾಕ್ಟರು ಮತ್ತೆ ಕ್ಯಾಮೆರಾ ಇಳಿಸಿದರು. ಗಾಯ ಮಾದಿರಲಿಲ್ಲ. ಗಂಟಲು ಮೊದಲಿಗಿಂತ ಕೆಂಪಾಗಿ ಊದಿತ್ತು.

“ಮಾತಾಡ್ತಿದ್ದೀರಾ ಸಾರ್?”

ನಾನು ನಿರ್ಮಲ ಮನಸ್ಸಿನಿಂದ ಇಲ್ಲವೆಂದು ತಲೆಯಾಡಿಸಿದೆ. ಅವರು ಕರುಣಾಳ ಕಡೆ ತಿರುಗಿದರು. ಕರುಣಾ ಫ್ಯಾನು ನೋಡಿದಳು, ಗೋಡೆ ನೋಡಿದಳು. ಗಂಡನ ಪ್ರಾರ್ಥನೆಯ ಮೇಲೆ ದೂರು ಹೇಳುವುದು ಅವಳ ಪ್ರಕಾರ ಮರ್ಯಾದೆಯಲ್ಲ. ಆದರೆ ಸುಳ್ಳು ಹೇಳುವುದು ಅದಕ್ಕಿಂತ ಕಡೆ.

“ಮಂದಿ ಕೂಡ ಮಾತಾಡಿಲ್ರಿ ಡಾಕ್ಟ್ರೇ,” ಎಂದಳು. “ದೇವ್ರ ಕೂಡ ಮಾತಾಡ್ಯಾರ. ಸಣ್ಣ ದನೀಲೆ.”

ಪಿಸುಮಾತಿನಿಂದ ಧ್ವನಿತಂತುವಿಗೆ ಮಾತಿಗಿಂತ ಹೆಚ್ಚು ತೊಂದರೆ ಎಂಬುದನ್ನು ಅಂದು ಕಲಿತೆ. ತಂತುಗಳು ಮುದುಡಿಕೊಂಡು ಒಂದಕ್ಕೊಂದು ಉಜ್ಜುತ್ತವಂತೆ. ಊತ ಇಳಿಯುವವರೆಗೆ ರೇಡಿಯೇಶನ್ ಶುರು ಮಾಡುವಂತಿಲ್ಲ, ಒಂದು ವಾರ ಮುಂದೆ ಹೋಯಿತು ಎಂದರು. ಆಮೇಲೆ ಅವರು ಕೈಗವಸು ಕಳಚುತ್ತಾ ಬಹಳ ವಿನಯದಿಂದ ಕೇಳಿದರು.

“ಸಾರ್, ಮನಸ್ಸಲ್ಲಿ ಹೇಳ್ಕೊಂಡ್ರೆ ದೇವ್ರಿಗೆ ಕೇಳ್ಸಲ್ವಾ?”

ಮನಸ್ಸಿನ ಮಾತು ದೇವರಿಗೆ ಕೇಳುತ್ತದೆಂಬುದು ನನ್ನ ಅತ್ಯಂತ ಯಶಸ್ವಿ ಪ್ರಸಂಗ. ಗದಗಿನಲ್ಲಿ, ಹುಬ್ಬಳ್ಳಿಯಲ್ಲಿ, ಹುಳಿಮಾವಿನಲ್ಲಿ ಗಟ್ಟಿಯಾದ ಧ್ವನಿಯಲ್ಲಿ ಅದನ್ನು ಮಾಡಿದ್ದೇನೆ. ಜನ ಮೆಚ್ಚಿ ಹೊಗಳಿದ್ದಾರೆ. ಇಷ್ಟು ಸಲ ಬೋಧಿಸಿದ್ದನ್ನು ಒಮ್ಮೆಯೂ ಮಾಡಿ ನೋಡಿರಲಿಲ್ಲ. ಮರುದಿನ ಬೆಳಿಗ್ಗೆ ಕೋಣೆಯಲ್ಲಿ ಬಾಯಿ ಮುಚ್ಚಿ ಕೂತೆ. ಐದು ನಿಮಿಷಕ್ಕೆ ಹೇಳುವುದೆಲ್ಲ ಮುಗಿದುಹೋಯಿತು. ಉಳಿದದ್ದು ಭಯ ಒಂದೇ. ಅದನ್ನು ಇಷ್ಟು ದಿನ ಮಾತಿನ ಕೆಳಗೆ ಮುಚ್ಚಿಟ್ಟಿದ್ದೆ. ಅಂದು ಅದನ್ನೂ ದೇವರ ಮುಂದೆ ಇಟ್ಟು ಎದ್ದು ಬಂದೆ. ಕರುಣಾ ಟೀ ಇಟ್ಟಿದ್ದಳು. ಇಷ್ಟು ಬೇಗನೆ ಎಂಬಂತೆ ಗಡಿಯಾರ ನೋಡಿದಳು.

ದೊಡ್ಡ ಆಸ್ಪತ್ರೆಯ ರೇಡಿಯೇಶನ್ ವಿಭಾಗಕ್ಕೆ ನಾವು ಹೊಸಬರಲ್ಲ. ಬಾಗಿಲಲ್ಲಿ ಕೂರುವ ಆಯಾ ಎಂದಿನಂತೆ ಇವತ್ತು ಯಾರನ್ನು ಕರೆತಂದಿರಿ ಅಂಕಲ್ ಎಂದು ವಿಚಾರಿಸಿದರು. ನಾನು ನನ್ನ ಗಂಟಲು ತೋರಿಸಿದೆ. ಅವರು ತಮಾಷೆ ಎಂದುಕೊಂಡು ನಕ್ಕು, ಕರುಣಾಳ ಮುಖ ನೋಡಿ, ನಗುವನ್ನು ಅರ್ಧಕ್ಕೇ ನಿಲ್ಲಿಸಿದರು. ಮರುದಿನದಿಂದ ಫ್ಯಾನಿನ ಕೆಳಗಿನ ಕುರ್ಚಿಯ ಮೇಲೆ ಅವರ ಟವಲು ಹಾಸಿರುತ್ತಿತ್ತು. ನಾವು ಬಂದ ಮೇಲೆ ಅದನ್ನು ಏನೂ ಗೊತ್ತಿಲ್ಲದವರಂತೆ ತೆಗೆದುಕೊಂಡು ಹೋಗುತ್ತಿದ್ದರು.

ಅಲ್ಲಿ ನಮಗೆ ಮತ್ತೆ ಸಿಕ್ಕವರು ಹನುಮಂತಪ್ಪ. ಸಿಂಧನೂರಿನ ಕಡೆಯವರು. ನಾಲಗೆಯ ಕಾಯಿಲೆ. ಮಳೆಗಾಲಕ್ಕೆ ಮುಂಚೆ ಅವರನ್ನು ಮೊದಲ ಸಲ ಅಲ್ಲಿಗೆ ಕರೆತಂದವರು ನಾವೇ. ಅಂದು ನಾನು ಅವರ ಮುಂದೆ ನಿಂತು ಧೈರ್ಯದ ವಿಷಯವಾಗಿ ಸಾಕಷ್ಟು ವಿಸ್ತಾರವಾಗಿ ಹೇಳಿದ್ದೆ. ಈಗ ಅವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. ಮಾತು ತೊದಲಿದರೂ ಅರ್ಥವಾಗುತ್ತಿತ್ತು.

“ನಿಮಗೂ ಇದ ಬಂತೇನ್ರಿ?”

ಹೌದೆಂದೆ, ತಲೆಯಿಂದ.

“ಹಂಗಾದ್ರ ಕುಂದರ್ರಿ,” ಎಂದು ಪಕ್ಕಕ್ಕೆ ಸರಿದರು. ಸ್ವಲ್ಪ ಹೊತ್ತಿನ ಮೇಲೆ, “ಆವತ್ತ ನೀವು ಬಾಳ ಹೇಳಿದ್ರಿ ಮಾಸ್ತರ. ಏನ್ ಹೇಳಿದ್ರಿ ಒಂದೂ ನೆನಪಿಲ್ಲ. ಅಕ್ಕಾರು ಬನ್ನು ಕೊಟ್ಟಿದ್ದು ನೆನಪೈತಿ.”

ಇದಕ್ಕಿಂತ ಪ್ರಾಮಾಣಿಕವಾದ ವಿಮರ್ಶೆ ನನ್ನ ಪ್ರಸಂಗಗಳ ಮೇಲೆ ಬಂದಿಲ್ಲ. ಅಂದಿನಿಂದ ದಿನಾ ಅವರ ಪಕ್ಕದಲ್ಲೇ ಕೂತೆ. ನಾನು ಮಾತಾಡುವಂತಿರಲಿಲ್ಲ, ಅವರಿಗೆ ಮಾತು ಕಷ್ಟ. ಅವರ ಹೆಸರು ಕರೆದಾಗ ನಾನು ಅವರ ಚಪ್ಪಲಿ ಕಾಯುತ್ತಿದ್ದೆ, ನನ್ನ ಹೆಸರು ಕರೆದಾಗ ಅವರು ನನ್ನ ಚಪ್ಪಲಿ ಕಾಯುತ್ತಿದ್ದರು. ಒಳಗೆ ಮುಖಕ್ಕೆ ಬಲೆಯಂಥ ಮುಖವಾಡ ಬಿಗಿದು ಮೇಜಿಗೆ ಕಟ್ಟುತ್ತಾರೆ. ಎಲ್ಲರೂ ಹೊರಗೆ ಹೋಗಿ ಬಾಗಿಲು ಮುಚ್ಚುತ್ತಾರೆ. ಯಂತ್ರ ಗುಂಯ್‌ಗುಡುತ್ತದೆ. ನೋವಿಲ್ಲ. ಒಬ್ಬನೇ ಇದ್ದೇನೆ ಎಂಬುದೇ ಕಷ್ಟ. ಆಗೆಲ್ಲ ನಾನು ಹನುಮಂತಪ್ಪ ಹೊರಗೆ ನನ್ನ ಚಪ್ಪಲಿಯ ಮೇಲೆ ಕಾಲಿಟ್ಟುಕೊಂಡು ಕೂತಿರುವುದನ್ನು ನೆನೆಯುತ್ತಿದ್ದೆ.

ಮೂರನೆಯ ವಾರದಿಂದ ನುಂಗುವುದು ಕಷ್ಟವಾಯಿತು. ಕತ್ತಿನ ಚರ್ಮ ಕಪ್ಪಾಯಿತು. ಜಯಮ್ಮನವರು ಕಷಾಯ ನಿಲ್ಲಿಸಿ ತೆಳ್ಳಗೆ ರಾಗಿ ಗಂಜಿ ಮಾಡಿ, ಮಜ್ಜಿಗೆ ಬೆರೆಸಿ ತರತೊಡಗಿದರು. ಮಂಡಿ ನೋವಿದ್ದೂ ದಿನಾ ಮೆಟ್ಟಿಲು ಹತ್ತಿ ಬರುತ್ತಿದ್ದರು. ಗದಗಿನ ಗಂಟಲು ರಾಗಿಗೆ ಶರಣಾಯಿತು. ಒಂದು ಶುಕ್ರವಾರ ಅವರು ಲೋಟ ಕೊಟ್ಟು ಹೋಗದೆ ಬಾಗಿಲಲ್ಲೇ ನಿಂತರು.

“ಮೇಷ್ಟ್ರೇ, ತಪ್ಪು ತಿಳ್ಕೋಬೇಡಿ. ಬನಶಂಕರಮ್ಮಂಗೆ ನಿಮ್ ಹೆಸರಲ್ಲಿ ನಿಂಬೆಹಣ್ಣಿನ ದೀಪ ಹಚ್ತಾ ಇದ್ದೀನಿ. ನಿಮ್ ದೇವ್ರು ಬೇಜಾರ್ ಮಾಡ್ಕೊಳಲ್ಲ ತಾನೆ?”

ಇದು ಶಾಸ್ತ್ರದ ಪ್ರಶ್ನೆ. ಹಿಂದೆಯಾಗಿದ್ದರೆ ವಿವರಣೆಗೆ ಅರ್ಧ ಗಂಟೆ ಬೇಕಿತ್ತು. ಎರಡೂ ಕೈ ಜೋಡಿಸಿ ಮುಗಿದೆ. ಅವರ ಕಣ್ಣು ತುಂಬಿತು, ನನ್ನದೂ. ಸಮಿತಿಗೆ ಈ ವಿಷಯ ತಿಳಿಸಿಲ್ಲ. ಈ ಬರಹವನ್ನು ಓದಿದರೆ ತಿಳಿಯುತ್ತದೆ.

ನೋಡಲು ಬಂದವರು ನನ್ನ ಹಾಸಿಗೆಯ ಪಕ್ಕದಲ್ಲಿ ಕೂತು ಪ್ರಾರ್ಥನೆ ಮಾಡುತ್ತಿದ್ದರು. ಎಷ್ಟೋ ವರ್ಷ ನಾನು ಇತರರ ಹಾಸಿಗೆಯ ಪಕ್ಕದಲ್ಲಿ ಮಾಡಿದ್ದನ್ನು ಈಗ ಮಲಗಿಕೊಂಡು ಕೇಳಿದೆ. ಅದು ಎಷ್ಟು ಉದ್ದ ಎಂಬುದು ಮಲಗಿದವನಿಗೇ ಗೊತ್ತು, ಅದರಲ್ಲೂ ಅವನಿಗೆ ಬಾತ್‌ರೂಮಿಗೆ ಹೋಗಬೇಕಾಗಿದ್ದಾಗ. ನಾನು ಹಿಂದೆ ಯಾರನ್ನೆಲ್ಲ ಹಾಗೆ ಕಟ್ಟಿಹಾಕಿದ್ದೆನೋ ಅವರೆಲ್ಲರ ತಾಳ್ಮೆಗೆ ಇಲ್ಲಿ ಕೃತಜ್ಞತೆ ಸಲ್ಲಿಸುತ್ತೇನೆ.

ಇನ್ನು ಭಾನುವಾರದ ಕೂಟ. ನಾನು ಬಾಯಿ ಮುಚ್ಚಿದ ಮೊದಲ ಭಾನುವಾರವೇ ಕರುಣಾ ಎದ್ದು ನಿಂತಿದ್ದಳು. ಸೆರಗು ಹೊದ್ದು, ಹಾಡು ಮುಗಿಯುವವರೆಗೆ ಕಾದಳು. ಆಮೇಲೆ ಹೇಳಿದಳು.

“ನಮ್ಮವ್ರಿಗೆ ಆರಾಮಿಲ್ಲ. ನನಗ ಪ್ರಸಂಗ ಬರಂಗಿಲ್ಲ. ನಿಮಗ ಏನೇನ್ ಚಿಂತಿ ಐತಿ ಹೇಳ್ರಿ. ಕೇಳ್ತೀನಿ.”

ಇದು ಹದಿನೈದು ನಿಮಿಷದಲ್ಲಿ ಮುಗಿದು ಜನ ಮನೆಗೆ ಹೋಗುತ್ತಾರೆಂದು ನಾನು ಎಣಿಸಿದ್ದೆ. ಮಧ್ಯಾಹ್ನದವರೆಗೆ ನಡೆಯಿತು. ಮೊದಲು ಒಬ್ಬ ಸೆಕ್ಯೂರಿಟಿಯವನು ನಿದ್ದೆಯ ಕಷ್ಟ ಹೇಳಿಕೊಂಡ. ಆಮೇಲೆ ಹೆಂಗಸರು. ಕಂಬದ ಹಿಂದೆ ಕೂರುತ್ತಿದ್ದ ಮಲ್ಲವ್ವ ಎಂಬಾಕೆ ತನ್ನ ಮಗಳಿಗೆ ಕಿವಿ ಕೇಳುವುದಿಲ್ಲ, ಯಾರಿಗೆ ತೋರಿಸಬೇಕೋ ತಿಳಿಯದು ಎಂದಳು. ಆ ಹುಡುಗಿಯನ್ನು ನಾನು ಪ್ರತಿ ವಾರ ತಲೆ ಸವರಿ ಮಾತಾಡಿಸುತ್ತಿದ್ದೆ. ಅವಳು ಉತ್ತರ ಕೊಡದಿದ್ದಾಗ ಸಂಕೋಚದ ಸ್ವಭಾವ ಎಂದುಕೊಂಡು ಮುಂದೆ ಹೋಗುತ್ತಿದ್ದೆ. ಆ ವಾರ ಕರುಣಾ ಮಲ್ಲವ್ವನನ್ನೂ ಮಗಳನ್ನೂ ಜಯನಗರಕ್ಕೆ ಕರೆದೊಯ್ದಳು, ನಮ್ಮ ಡಾಕ್ಟರಮ್ಮನ ಹತ್ತಿರವೇ. ನಿಯಮದ ಪ್ರಕಾರ ಜೊತೆಯಲ್ಲಿ ನಾನೂ ಹೋದೆ. ಅವತ್ತು ಚೀಲ ಹಿಡಿದವನು ನಾನು.

ರೇಡಿಯೇಶನ್ ಮುಗಿಯುವಷ್ಟರಲ್ಲಿ ಕೂಟಕ್ಕೆ ಬರುವವರು ಹೆಚ್ಚಾಗಿದ್ದರು. ಇದು ನನ್ನ ಮೌನದ ಫಲವೆಂದು ನಾನು ಹೇಳಿಕೊಳ್ಳಬಹುದು. ಕರುಣಾ ಅದನ್ನು ಒಪ್ಪಿದ್ದಾಳೆ.

ಎರಡು ತಿಂಗಳ ನಂತರ ಡಾಕ್ಟರು ಹೇಳಿದ್ದ ತಪಾಸಣೆ. ಅಂದು ಸಂಜೆಯೇ ಸಮಿತಿಗೆ ಫೋನು ಮಾಡಬೇಕಿತ್ತು. ಡಾಕ್ಟರು ಕೊಳವೆ ಇಳಿಸಿ ಪರದೆಯನ್ನು ಬಹಳ ಹೊತ್ತು ನೋಡಿದರು. ಎಡಗಡೆಯ ಜಾಗ ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಅಲ್ಲಿ ಯಾರೂ ಕೂತಿರಲಿಲ್ಲ. ಕರುಣಾ ನನ್ನ ತೋಳನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಆಮೇಲೆ ನೋಡಿದರೆ ಬಳೆಯ ಗುರುತು ಮೂಡಿತ್ತು.

“ಈಗ ಏನಾದ್ರೂ ಹೇಳಿ ಸಾರ್,” ಎಂದರು ಡಾಕ್ಟರು.

ಆ ಸಂದರ್ಭಕ್ಕೆಂದು ನಾನು ವಾರಗಟ್ಟಲೆಯಿಂದ ಮೂರು ಅಂಶಗಳ ಕೃತಜ್ಞತಾ ಭಾಷಣ ಸಿದ್ಧಪಡಿಸಿದ್ದೆ. ಎಣ್ಣೆ ಕಾಣದ ಗೇಟಿನಂಥ ಸದ್ದೊಂದು ಹೊರಬಂತು. ಅದು ನನ್ನದೇ ಎಂದು ತಿಳಿಯಲು ಕ್ಷಣ ಹಿಡಿಯಿತು. ಮೊದಲನೆಯ ಅಂಶ ಮುಗಿಯುವಷ್ಟರಲ್ಲಿ ಡಾಕ್ಟರು ಕೈ ಎತ್ತಿ ಇವತ್ತಿಗೆ ಸಾಕು ಎಂದರು.

“ಇನ್ನ ಎರಡ ಪಾಯಿಂಟ್ ಅದಾವ್ರಿ ಡಾಕ್ಟ್ರೇ,” ಎಂದಳು ಕರುಣಾ, ಮೂಗು ಒರೆಸಿಕೊಳ್ಳುತ್ತಾ. “ನನಗ ಗೊತ್ತೈತಿ.”

ಉಳಿದ ಎರಡು ಅಂಶಗಳು ಇವು: ಡಾಕ್ಟರಿಗೆ, ಆಯಾಗೆ, ಹನುಮಂತಪ್ಪನವರಿಗೆ, ಜಯಮ್ಮನವರಿಗೆ ನಾನು ಋಣಿ. ಇನ್ನೊಂದು, ಈ ಕಾಯಿಲೆಯಿಂದ ಈಗಷ್ಟೇ ಬಾಯಿ ಮುಚ್ಚಿ ಯಾವುದೋ ಕಾಯುವ ಕೋಣೆಯಲ್ಲಿ ಕೂತವರಿಗೆ ನಾನು ಉಪದೇಶ ಮಾಡುವುದಿಲ್ಲ. ಪಕ್ಕಕ್ಕೆ ಇನ್ನೊಬ್ಬರು ಬಂದರೆ ಸರಿದು ಜಾಗ ಕೊಡಿ, ಅಷ್ಟೇ. ಚಪ್ಪಲಿ ಕಾಯುವವರು ಯಾರಾದರೂ ಬರುತ್ತಾರೆ.

ಅಂದು ಸಂಜೆ ಸಮಿತಿಗೆ ಫೋನು ಮಾಡಿದವಳು ಕರುಣಾ. ಬೇರೆ ಜೋಡಿಯ ಸುದ್ದಿಯನ್ನು ಕಾರ್ಯದರ್ಶಿಗಳು ಎತ್ತಲೇ ಇಲ್ಲ, ಮಾತು ಬೇಗ ಮುಗಿಯಿತು. ಗಂಟಲಿನಲ್ಲಿ ಈಗ ಗಂಟಿಲ್ಲ. ಆಗಾಗ ಹೋಗಿ ತೋರಿಸಿ ಬರಬೇಕು. ಧ್ವನಿ ಅರ್ಧ ಬಂದಿದೆ, ಉಳಿದ ಅರ್ಧ ಬರುವುದಿಲ್ಲವಂತೆ. ನಾವಿಬ್ಬರೂ ಇನ್ನೆರಡು ವರ್ಷ ಹುಳಿಮಾವಿನಲ್ಲೇ ಇರುತ್ತೇವೆ.